ಕೆಲವರ ಪುಸ್ತಕ ಯಾವುದನ್ನು ತೆಗೆದರೂ ಹಿಡಿಸುತ್ತದೆ, ಯಾಕೆ?

ಪ್ರಶ್ನೆ: ಮೇಡಂ, ನಾನು ತೇಜಸ್ವಿಯವರನ್ನು ಪೂರ್ತಿ ಓದಿದ್ದೇನೆ. ಕಾದಂಬರಿ, ಕಾಡು, ಹಕ್ಕಿ, ವಿಜ್ಞಾನ, ಯಾವುದೂ ನಿರಾಸೆ ಮಾಡಲಿಲ್ಲ. ಆಮೇಲೆ ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯನ್ನು ಹಿಡಿದೆ. ಬಿಡುವೇ ಕೊಡದೆ ಹದಿನಾಲ್ಕು ಓದಿದೆ. ಹದಿನೈದನೆಯದು 'ಪೋಸ್ಟರ್ನ್ ಆಫ್ ಫೇಟ್'. ಅರ್ಧಕ್ಕೇ ಬಿಟ್ಟೆ. ಈ ನಡುವೆ ಇನ್ನೊಬ್ಬ ಲೇಖಕರ ಒಂದು ಪುಸ್ತಕ ತುಂಬಾ ಹಿಡಿಸಿತು ಅಂತ ಅವರದೇ ನಾಲ್ಕು ಒಟ್ಟಿಗೆ ತಂದೆ. ಒಂದನ್ನೂ ಮುಗಿಸೋಕಾಗ್ತಿಲ್ಲ. ಕೆಲವರು ಮಾತ್ರ ಪ್ರತಿಸಲ ಹೇಗೆ ತೃಪ್ತಿ ಕೊಡುತ್ತಾರೆ? ಅಂಥವರನ್ನು ಹುಡುಕೋದು ಹೇಗೆ? ಒಬ್ಬರನ್ನೇ ಹಿಡಿದು ಓದೋದು ತಪ್ಪಾ?

ಉತ್ತರ: ಮೊದಲು ಆ ಹದಿನೈದನೇ ಪುಸ್ತಕದ ವಿಷಯ ಮುಗಿಸಿಬಿಡೋಣ. ತಪ್ಪು ನಿಮ್ಮದಲ್ಲ. 'ಪೋಸ್ಟರ್ನ್ ಆಫ್ ಫೇಟ್' ಕ್ರಿಸ್ಟಿ ಬರೆದ ಕೊನೆಯ ಕಾದಂಬರಿ. 1973ರಲ್ಲಿ ಬಂತು. ಆಗ ಅವರಿಗೆ 83 ವರ್ಷ. ಕತೆ ಎಲ್ಲೆಲ್ಲೋ ಅಲೆಯುತ್ತದೆ, ಹೇಳಿದ್ದನ್ನೇ ಹೇಳುತ್ತದೆ. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಕ್ರಿಸ್ಟಿಯ ಬೇರೆ ಬೇರೆ ಕಾಲದ ಕಾದಂಬರಿಗಳನ್ನು ಕಂಪ್ಯೂಟರಿಗೆ ಹಾಕಿ ಪದ ಎಣಿಸಿ ನೋಡಿದ್ದರು. ಕೊನೆಗಾಲದ ಪುಸ್ತಕಗಳಲ್ಲಿ ಬೇರೆ ಬೇರೆ ಪದಗಳ ಬಳಕೆ ಕಡಿಮೆ ಆಗಿತ್ತು. ಅದದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. 'ಏನೋ ಒಂದು', 'ಅದೇನೋ' ಅನ್ನುವಂಥ ಮಸುಕು ಪದಗಳು ಜಾಸ್ತಿ ಆಗಿದ್ದವು. ಮರೆವಿನ ಕಾಯಿಲೆ ಶುರುವಾಗಿದ್ದಿರಬಹುದು ಅನ್ನೋದು ಅವರ ಊಹೆ. ನೀವು ಏನನ್ನೂ ಎಣಿಸದೆ ಅರ್ಧ ಪುಸ್ತಕದಲ್ಲೇ ಅದನ್ನು ಹಿಡಿದಿರಿ.

ಆದರೆ ಮುಂದಿನದು ಕೇಳಿ. ಇದಾಗಿ ಎರಡು ವರ್ಷಕ್ಕೆ, 1975ರಲ್ಲಿ, 'ಕರ್ಟನ್' ಬಂತು. ಪತ್ತೇದಾರ ಪ್ವಾರೋನ ಕೊನೆಯ ಕೇಸು. ಅದು ಹುರಿ ಹೊಸೆದ ಹಾಗೆ ಬಿಗಿಯಾಗಿದೆ. ಎರಡು ವರ್ಷದಲ್ಲಿ ಮುಪ್ಪು ಹಿಂದಕ್ಕೆ ಹೋಯಿತಾ? ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಬೀಗ ಹಾಕಿ ಎತ್ತಿಟ್ಟಿದ್ದ ಪುಸ್ತಕ ಅದು. ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್‌ಳ ಕೊನೆಯ ಪುಸ್ತಕ 'ಸ್ಲೀಪಿಂಗ್ ಮರ್ಡರ್' ಕೂಡ ಹಾಗೇ ಎತ್ತಿಟ್ಟಿದ್ದು, ಅವರು ತೀರಿಕೊಂಡ ವರ್ಷ, 1976ರಲ್ಲಿ, ಹೊರಗೆ ಬಂತು. ಹಾಗಾಗಿ ಯಾರದೇ ಪುಸ್ತಕ ಆಗಲಿ, ಅಚ್ಚಾದ ವರ್ಷಕ್ಕಿಂತ ಬರೆದ ವರ್ಷ ನೋಡಿ. ಕ್ರಿಸ್ಟಿಯಲ್ಲಿ ನನಗೆ ಕೇಳಿದರೆ 1926ರಿಂದ 1950ರವರೆಗಿನದು ಮೊದಲು ಓದಿ ಅಂತೀನಿ. ಅಲ್ಲೇ ನಿಮಗೆ ಮೂರು ವರ್ಷಕ್ಕೆ ಸಾಕಾಗುವಷ್ಟಿದೆ.

ಈಗ ದೊಡ್ಡ ಪ್ರಶ್ನೆಗೆ ಬರ್ತೀನಿ. ನಾನು ಇಪ್ಪತ್ತೆಂಟು ವರ್ಷ ಗ್ರಂಥಾಲಯದ ಕೌಂಟರಿನಲ್ಲಿ ಕೂತವಳು. ಪುಸ್ತಕ ಇಶ್ಯೂ ಮಾಡುವಾಗ ಯಾರು ಏನು ಒಯ್ಯುತ್ತಾರೆ ಅನ್ನೋದು ಸುಮ್ನೆ ಕಣ್ಣಿಗೆ ಬೀಳುತ್ತೆ. ಲೇಖಕರ ಹೆಸರು ಹೇಳಿ ಕೇಳುವವರೇ ಜಾಸ್ತಿ, ಪುಸ್ತಕದ ಹೆಸರು ಹೇಳುವವರು ಕಡಿಮೆ. 'ತ್ರಿವೇಣಿದು ಯಾವುದಾದ್ರೂ ಕೊಡಿ' ಅಂತಾರೆ. ಯಾವುದಾದ್ರೂ! ಆ ಒಂದು ಪದದಲ್ಲಿ ಎಷ್ಟು ನಂಬಿಕೆ ಇದೆ ನೋಡಿ.

ಇಂಥ ಲೇಖಕರು ಒಂದೇ ಥರದ ಕತೆ ತಿರುಗಿಸಿ ಮುರುಗಿಸಿ ಬರೆಯುತ್ತಾರೆ, ಅದಕ್ಕೇ ಹಿಡಿಸುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಒಪ್ಪೋದಿಲ್ಲ. ನಿಮ್ಮ ತೇಜಸ್ವಿಯವರನ್ನೇ ತೆಗೆದುಕೊಳ್ಳಿ. 'ಕರ್ವಾಲೊ' ಜೇನು ಸೊಸೈಟಿಯಲ್ಲಿ ಶುರುವಾಗಿ, ಹಾರುವ ಓತಿ ಕೈಗೆ ಸಿಗದೆ ಕಣಿವೆಯಲ್ಲಿ ತೇಲಿ ಹೋಗುವಲ್ಲಿ ಮುಗಿಯುತ್ತದೆ. 'ಚಿದಂಬರ ರಹಸ್ಯ' ಬೇರೆಯೇ ಲೋಕ. 'ಪರಿಸರದ ಕತೆ' ಕಾದಂಬರಿಯೇ ಅಲ್ಲ. ಕೆನೆತ್ ಆಂಡರ್ಸನ್‌ನ ಬೇಟೆಯ ಕತೆಗಳನ್ನು ಕನ್ನಡಕ್ಕೆ ತಂದದ್ದಂತೂ ಅವರ ಸ್ವಂತ ಕತೆಯೇ ಅಲ್ಲ. ಆದರೂ ನೀವು ಒಂದನ್ನೂ ಬಿಡಲಿಲ್ಲ. ಯಾಕೆ? ಹೇಳುತ್ತಿರುವವರು ಅವರೇ ಆಗಿದ್ದರು, ಅಷ್ಟೆ. ಎದುರಿಗಿರುವ ವಸ್ತುವಿನ ಮೇಲೆ ಒಂದು ಕಣ್ಣು, ಅದನ್ನು ನೋಡುತ್ತಿರುವ ತನ್ನ ಪೆದ್ದುತನದ ಮೇಲೆ ಇನ್ನೊಂದು ಕಣ್ಣು. 'ನನಗೂ ಗೊತ್ತಿಲ್ಲ ಮಾರಾಯ, ಬಾ ನೋಡೋಣ' ಅನ್ನುವ ದನಿ ಅದು. ಹಕ್ಕಿಯ ಬಗ್ಗೆ ಬರೆದರೂ ಅದೇ, ಕಿವಿ ಎಂಬ ನಾಯಿಯ ಬಗ್ಗೆ ಬರೆದರೂ ಅದೇ. ನಿಮಗೆ ಬೇಕಾಗಿದ್ದು ಆ ದನಿ. ಕತೆ ಅದರ ಜೊತೆ ಬಂತು.

ದನಿ ಅಂದರೆ ಗಾಳಿಮಾತಲ್ಲ, ಅಳೆಯಬಹುದಾದ ವಸ್ತು. 2013ರಲ್ಲಿ ರಾಬರ್ಟ್ ಗಾಲ್‌ಬ್ರೇತ್ ಅನ್ನೋ ಹೊಸಬರ ಪತ್ತೇದಾರಿ ಕಾದಂಬರಿಯೊಂದು ಇಂಗ್ಲೆಂಡಿನಲ್ಲಿ ಬಂತು. ಮೊದಲು ಹೇಳಿಕೊಳ್ಳುವಷ್ಟು ಮಾರಾಟ ಇರಲಿಲ್ಲ. ಇದು 'ಹ್ಯಾರಿ ಪಾಟರ್' ಬರೆದ ಜೆ.ಕೆ. ರೌಲಿಂಗ್ ಬರೆದದ್ದಿರಬಹುದು ಅಂತ ಪತ್ರಿಕೆಯೊಂದಕ್ಕೆ ಸುಳಿವು ಸಿಕ್ಕಿತು. ಪತ್ರಿಕೆಯವರು ಭಾಷೆಯನ್ನು ಕಂಪ್ಯೂಟರಿನಲ್ಲಿ ಅಳೆಯುವವರ ಕೈಗೆ ಪುಸ್ತಕ ಕೊಟ್ಟರು. ಅವರು ನೋಡಿದ್ದೇನು ಗೊತ್ತಾ? ಮಂತ್ರ, ಮಾಟ, ಪಾತ್ರ ಯಾವುದೂ ಅಲ್ಲ. ಪದಗಳು ಎಷ್ಟು ಉದ್ದ, ತೀರಾ ಸಾಮಾನ್ಯವಾದ ನೂರು ಪದಗಳು ಎಷ್ಟೆಷ್ಟು ಸಲ ಬಂದಿವೆ, ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ, ಇಂಥವು. ನಾವು ನೀವು ಓದುವಾಗ ಗಮನಿಸದೇ ದಾಟಿಹೋಗುವ ಚಿಲ್ಲರೆ ಪದಗಳು. ಅವೇ ಸಾಕ್ಷಿ ಹೇಳಿದವು. ಕೊನೆಗೆ ರೌಲಿಂಗ್ ಒಪ್ಪಿಕೊಂಡರು.

ಅದಕ್ಕೂ ಮೂವತ್ತು ವರ್ಷ ಹಿಂದೆ, ಆಗಲೇ ಹೆಸರಾಗಿದ್ದ ಇಂಗ್ಲಿಷ್ ಲೇಖಕಿ ಡೋರಿಸ್ ಲೆಸ್ಸಿಂಗ್ ಬೇಕಂತಲೇ ಇಂಥದ್ದೊಂದು ಆಟ ಆಡಿದ್ದರು. ಜೇನ್ ಸೋಮರ್ಸ್ ಎಂಬ ಹೆಸರಿನಲ್ಲಿ ಕಾದಂಬರಿ ಬರೆದು ಕಳಿಸಿದರು. ಹೊಸಬರ ಪಾಡು ಏನು ಅಂತ ತೋರಿಸುವ ಆಸೆ. ಅವರ ಪುಸ್ತಕಗಳನ್ನೇ ವರ್ಷಗಟ್ಟಲೆ ಹೊರತಂದಿದ್ದ ಪ್ರಕಾಶಕರೇ ಬೇಡ ಅಂದರು. ಬೇರೆಯವರು ಒಪ್ಪಿಕೊಂಡರು, 1983ರಲ್ಲಿ ಪುಸ್ತಕ ಬಂತು. ಒಪ್ಪಿಕೊಂಡ ಕಡೆಯವರಿಗೆ ಓದುವಾಗ ಯಾಕೋ ಲೆಸ್ಸಿಂಗ್ ನೆನಪಾಗಿದ್ದರಂತೆ! ಈ ಕತೆಯಿಂದ ಎರಡು ವಿಷಯ ಗೊತ್ತಾಗುತ್ತದೆ. ನಮ್ಮ ಮೆಚ್ಚುಗೆಯಲ್ಲಿ ಮುಖಪುಟದ ಹೆಸರಿನ ಪಾಲು ನಾವಂದುಕೊಂಡದ್ದಕ್ಕಿಂತ ದೊಡ್ಡದು. ಆದರೆ ಕಿವಿ ಇದ್ದವರಿಗೆ ಹೆಸರಿಲ್ಲದೆಯೂ ದನಿ ಕೇಳುತ್ತದೆ.

ದನಿಯ ಜೊತೆಗೆ ಇನ್ನೊಂದಿದೆ. ಕೊಟ್ಟ ಮಾತು. ಪತ್ತೇದಾರಿ ಬರೆಯುವವರಲ್ಲಿ ಇದು ಎದ್ದು ಕಾಣುತ್ತದೆ. ಕ್ರಿಸ್ಟಿಯ 66 ಪತ್ತೇದಾರಿ ಕಾದಂಬರಿಗಳಲ್ಲೂ ಮಾತು ಒಂದೇ: ಸುಳಿವು ನಿಮ್ಮ ಕಣ್ಣೆದುರೇ ಇರುತ್ತದೆ, ಕೊಂದವರು ನೀವು ಆಗಲೇ ನೋಡಿದ ಯಾರೋ ಒಬ್ಬರು, ಪುಸ್ತಕ ಮುಚ್ಚುವ ಹೊತ್ತಿಗೆ ಗಂಟು ಬಿಚ್ಚಿರುತ್ತದೆ. ಆಟ ಆಡಬಹುದು, ಮೋಸ ಮಾಡುವಂತಿಲ್ಲ. ಅವರಿಗೆ ಮನಸ್ಸಿನ ಒಳಗಿನ ಸಂಕಟ, ಮದುವೆ, ತಾಯ್ತನ ಇವುಗಳ ಬಗ್ಗೆ ಬರೆಯಬೇಕು ಅನ್ನಿಸಿದಾಗ ಏನು ಮಾಡಿದರು? ಮೇರಿ ವೆಸ್ಟ್‌ಮಾಕಾಟ್ ಎಂಬ ಬೇರೆ ಹೆಸರು ಇಟ್ಟುಕೊಂಡು ಆರು ಕಾದಂಬರಿ ಬರೆದರು. ಮೊದಲನೆಯದು 1930ರಲ್ಲಿ. ಸುಮಾರು ಇಪ್ಪತ್ತು ವರ್ಷ ಗುಟ್ಟು ಹೊರಗೆ ಬರಲೇ ಇಲ್ಲ. 'ಕ್ರಿಸ್ಟಿ' ಅಂತ ನೋಡಿ ಕೊಂಡವರಿಗೆ ಬೇರೆ ಸರಕು ಕೊಡಬಾರದು ಅನ್ನುವ ಮರ್ಯಾದೆ ಅದು. ನನಗೆ ಅವರ ಜಾಣತನಕ್ಕಿಂತ ಈ ಮರ್ಯಾದೆಯೇ ಜಾಸ್ತಿ ಇಷ್ಟ.

ಪ್ರತಿಸಲ ಮಾತು ಉಳಿಸಿಕೊಳ್ಳೋದು ಸುಲಭದ ಕೆಲಸವೇನಲ್ಲ. ಜಾರ್ಜ್ ಸಿಮೆನೊನ್ ಅಂತ ಫ್ರೆಂಚಿನಲ್ಲಿ ಬರೆದ ಬೆಲ್ಜಿಯಂ ಲೇಖಕ. ಮೆಗ್ರೆ ಎಂಬ ಪೊಲೀಸ್ ಅಧಿಕಾರಿಯನ್ನಿಟ್ಟು 75 ಕಾದಂಬರಿ ಬರೆದವರು. ಅವರು ಕೆಲಸ ಮಾಡುತ್ತಿದ್ದ ರೀತಿ ನೋಡಿ. ಒಂದು ಲಕೋಟೆ ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಪಾತ್ರಗಳ ಹೆಸರು, ವಯಸ್ಸು, ಮನೆಯವರು ಯಾರು, ಇಷ್ಟು ಮಾತ್ರ ಬರೆಯುತ್ತಾರೆ. ಮುಂದೇನಾಗುತ್ತೆ ಅಂತ ಅವರಿಗೇ ಗೊತ್ತಿಲ್ಲ. ಮಾರನೆಯ ದಿನದಿಂದ ದಿನಕ್ಕೊಂದು ಅಧ್ಯಾಯ. ಹನ್ನೊಂದು ದಿನಕ್ಕೆ ಹೆಚ್ಚೂಕಡಿಮೆ ಮುಗಿಯಬೇಕು, ಅದಕ್ಕಿಂತ ಜಾಸ್ತಿ ಆ ಪಾತ್ರದೊಳಗೆ ಇರಲು ಅವರಿಗೆ ಆಗುತ್ತಿರಲಿಲ್ಲ. ನಡುವೆ ಎರಡು ದಿನ ಜ್ವರ ಬಂದು ಮಲಗಿದರೆ ಬರೆದಷ್ಟನ್ನೂ ಎಸೆದುಬಿಡೋದು. ಮತ್ತೆ ಆ ಕತೆಯ ಸುದ್ದಿಗೇ ಹೋಗುತ್ತಿರಲಿಲ್ಲ. ಆಮೇಲೆ ತಿದ್ದುವ ಕೆಲಸ. ತಿದ್ದೋದು ಅಂದರೆ ಕಿತ್ತುಹಾಕೋದು. ಎಳೆಯ ವಯಸ್ಸಿನಲ್ಲಿ ಲೇಖಕಿ ಕೊಲೆಟ್ ಇವರ ಕತೆಗಳನ್ನು ನೋಡಿ, ಇದರಲ್ಲಿ ಸಾಹಿತ್ಯ ಜಾಸ್ತಿಯಾಯಿತು, ತೆಗೆದುಹಾಕು ಅಂದಿದ್ದರಂತೆ. ಅಲ್ಲಿಂದಾಚೆ ಚೆಂದಕ್ಕೆ ಅಂತ ಕೂತಿರುವ ಪದ ಕಂಡರೆ ಹೊಡೆದುಹಾಕುತ್ತಿದ್ದರು. ಮೆಗ್ರೆ ಕಾದಂಬರಿ ಯಾವುದನ್ನಾದರೂ ತೆಗೆಯಿರಿ, ಮಳೆ ಅಂದರೆ ಮಳೆ, ಮೇಜು ಅಂದರೆ ಮೇಜು. ಓದುಗರಿಗೆ ಸಿಗುವ ನೆಮ್ಮದಿಯ ಅರ್ಧ ಪಾಲು ಅಲ್ಲಿಂದ ಬರುತ್ತದೆ.

ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಹಳೆಯ ಕಾದಂಬರಿಕಾರ ಆಂಥನಿ ಟ್ರಾಲಪ್. ಅಂಚೆ ಇಲಾಖೆಯ ನೌಕರ. ಬೆಳಗಿನ ಜಾವ ಐದೂವರೆಗೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದವರು. ಒಟ್ಟು 47 ಕಾದಂಬರಿ. ಅವರು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕತೆ ಬಂದಾಗ ಈ ಲೆಕ್ಕಾಚಾರ ಎಷ್ಟೋ ಜನಕ್ಕೆ ರುಚಿಸಲಿಲ್ಲ. ಸ್ಫೂರ್ತಿ ಬರುವವರೆಗೆ ಕಾಯಬೇಕಲ್ವಾ ಅಂತ. ನನಗೇನೋ ಹಾಗನ್ನಿಸಲ್ಲ. ಸ್ಫೂರ್ತಿಗೆ ಕಾಯುವವರ ಎರಡನೇ ಪುಸ್ತಕಕ್ಕೆ ನಾವು ಎಷ್ಟು ವರ್ಷ ಕಾಯಬೇಕಾಗುತ್ತೆ ಅಂತ ಕೌಂಟರಿನಲ್ಲಿ ಕೂತವರಿಗೆ ಗೊತ್ತು.

ಹಾಗಂತ ಸಂಖ್ಯೆಯ ಮೇಲೆ ಹೋಗಬೇಡಿ. ಕುವೆಂಪು ಬರೆದದ್ದು ಎರಡೇ ಕಾದಂಬರಿ. 'ಕಾನೂರು ಹೆಗ್ಗಡಿತಿ' 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವೆ 31 ವರ್ಷ. ಒಂದನ್ನು ಓದಿ ಮೆಚ್ಚಿದವರು ಇನ್ನೊಂದನ್ನು ಕೇಳಿಕೊಂಡು ಬರದೇ ಇದ್ದದ್ದು ನಾನು ನೋಡಿಲ್ಲ.

ಈಗ ನಿಮ್ಮ ಆ ನಾಲ್ಕು ಪುಸ್ತಕದ ಗೋಳು. ಲೇಖಕರ ಹೆಸರು ನೀವು ಬರೆದಿಲ್ಲ, ಬರೆಯದಿದ್ದದ್ದೂ ಒಳ್ಳೆಯದೇ ಆಯಿತು. ನನಗೆ ಕಾಣುವುದು ಇಷ್ಟು: ಮೊದಲ ಪುಸ್ತಕದಲ್ಲಿ ನಿಮಗೆ ಹಿಡಿಸಿದ್ದು ಏನು ಅಂತ ನೀವು ಕೇಳಿಕೊಂಡಿಲ್ಲ. ಭೈರಪ್ಪನವರ 'ಮಂದ್ರ' ಓದಿ ಹುಚ್ಚಾದವರೊಬ್ಬರು ಮರುವಾರವೇ ಬಂದು 'ಪರ್ವ' ಒಯ್ದರು. ಹತ್ತೇ ದಿನಕ್ಕೆ ವಾಪಸ್ ತಂದರು, ಮುಖ ಸಪ್ಪಗಿತ್ತು. ಮಾತಾಡಿಸಿ ನೋಡಿದರೆ ಅವರಿಗೆ ಬೇಕಾಗಿದ್ದು ಸಂಗೀತ! ಹಾಡುವವರ ಲೋಕ, ಗುರುಗಳು, ರಿಯಾಜು. ಅದು 'ಮಂದ್ರ'ದ ವಸ್ತು, ಲೇಖಕರ ದನಿಯಲ್ಲ. 'ಪರ್ವ'ದಲ್ಲಿ ಮಹಾಭಾರತದ ಪಾತ್ರಗಳು ದೇವರುಗಳ ವೇಷ ಕಳಚಿ ಮನುಷ್ಯರಾಗಿ ನಿಂತಿರುತ್ತಾರೆ, ಅಲ್ಲಿ ತಂಬೂರಿಗೆ ಜಾಗ ಎಲ್ಲಿ? ಅವರಿಗೆ ಭೈರಪ್ಪನವರ ಇನ್ನೊಂದು ಪುಸ್ತಕ ಕೊಡುವ ಬದಲು ಸಂಗೀತಗಾರರ ಜೀವನಚರಿತ್ರೆ ಕೊಟ್ಟೆ. ಖುಷಿಯಾಗಿ ಹೋದರು. ಅದೇ, ಒಂದು ವಿಷಯ ಹಿಡಿದು ಅದರ ತಳ ಮುಟ್ಟುವವರೆಗೆ ಬಿಡದ ಭೈರಪ್ಪನವರ ಹಠವೇ ಇಷ್ಟವಾಗಿದ್ದರೆ, ಎರಡೂ ಹಿಡಿಸುತ್ತಿತ್ತು.

ಹಾಗಾಗಿ ಆ ಮೊದಲ ಪುಸ್ತಕ ಮತ್ತೆ ಕೈಗೆತ್ತಿಕೊಳ್ಳಿ. ಯಾವ ಪುಟ ನೆನಪಿನಲ್ಲಿ ಉಳಿದಿದೆಯೋ ಆ ಪುಟ ತೆಗೆಯಿರಿ. ಅಲ್ಲಿ ಘಟನೆ ಇದೆಯಾ, ಜಾಗ ಇದೆಯಾ, ಒಬ್ಬ ಮನುಷ್ಯ ಇದ್ದಾನಾ, ಇಲ್ಲಾ ಏನೂ ನಡೆಯದೆಯೂ ಓದಿಸಿಕೊಂಡು ಹೋಗುತ್ತಿದೆಯಾ? ಕೊನೆಯದಾದರೆ ದನಿಯೇ ಹಿಡಿಸಿದೆ ಅಂತ ಲೆಕ್ಕ. ಆ ನಾಲ್ಕರಲ್ಲಿ ಒಂದಕ್ಕಾದರೂ ತಾಳ್ಮೆಯಿಂದ ಇನ್ನೊಂದು ಅವಕಾಶ ಕೊಡಿ. ಬೇರೆ ಏನಾದರೂ ಆದರೆ, ನಾಲ್ಕನ್ನೂ ಯಾರಿಗಾದರೂ ಕೊಟ್ಟುಬಿಡಿ.

ಕೆಲವು ಸಲ ಲೇಖಕರೇ ಬೇಕಂತ ದಾರಿ ಬದಲಿಸುತ್ತಾರೆ. ಕಾರಂತರು 47 ಕಾದಂಬರಿ ಬರೆದರು. 'ಬೆಟ್ಟದ ಜೀವ'ದಲ್ಲಿ ಕಾಡಿನ ನಡುವೆ ಗೋಪಾಲಯ್ಯನವರ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ ಹಾಗಿರುತ್ತದೆ. ಅದೇ ಹಿತ ಬೇಕು ಅಂತ 'ಮೂಕಜ್ಜಿಯ ಕನಸುಗಳು' ತೆಗೆದರೆ, ಕೈಗೆ ಕೊಟ್ಟ ವಸ್ತು ಮುಟ್ಟಿ ಹಿಂದಿನ ಕಾಲವನ್ನೇ ಕಾಣುವ ಅಜ್ಜಿಯೊಬ್ಬಳು ನಿಮ್ಮ ನಂಬಿಕೆಯನ್ನೆಲ್ಲ ಒಂದೊಂದಾಗಿ ಕೆದಕುತ್ತಾ ಕೂರುತ್ತಾಳೆ. ಹಿತ ಅಲ್ಲ ಅದು. ಆದರೆ ಮೂರನೇ ದಿನಕ್ಕೆ ಅಜ್ಜಿಯ ಮಾತು ತಲೆಯಲ್ಲಿ ಓಡಾಡುತ್ತಿರುತ್ತದೆ. ನಂಬಿದ ಲೇಖಕರು ನಿರಾಸೆ ಮಾಡಿದರು ಅಂತ ಅನ್ನಿಸಿದಾಗ ಒಂದು ವಾರ ಬಿಟ್ಟು ನೋಡಿ. ಬೇಸರ ಆಗಿದ್ದರೆ ಮರೆತುಹೋಗಿರುತ್ತದೆ, ಇರುಸುಮುರುಸು ಆಗಿದ್ದರೆ ಪುಸ್ತಕ ಇನ್ನೂ ನಿಮ್ಮ ಜೊತೆ ಜಗಳ ಆಡುತ್ತಿರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಕಾಜುವೊ ಇಶಿಗುರೊ ಅಚ್ಚುಕಟ್ಟಾದ ಮೂರು ಕಾದಂಬರಿ ಬರೆದು ಎಲ್ಲರ ಮೆಚ್ಚುಗೆ ಪಡೆದ ಮೇಲೆ 1995ರಲ್ಲಿ 'ದಿ ಅನ್‌ಕನ್ಸೋಲ್ಡ್' ಎಂಬ ದಪ್ಪ, ಕನಸಿನಂತೆ ಹಿಡಿತಕ್ಕೆ ಸಿಗದ ಪುಸ್ತಕ ಕೊಟ್ಟು ಅರ್ಧ ಓದುಗರ ತಲೆ ಕೆಡಿಸಿದರು. ನಾನು ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸಿದವಳು. ಯಾರಿಗೂ ಮೊದಲು ಓದಿ ಅಂತ ಕೊಡಲ್ಲ, ಆದರೆ ನನ್ನ ಕಪಾಟಿನಿಂದ ತೆಗೆಯೋದೂ ಇಲ್ಲ.

ಅನುವಾದದಲ್ಲಿ ಓದುವವರಿಗೆ ಒಂದು ಮಾತು. ನಿಮಗೆ ಇಷ್ಟವಾದ ದನಿ ಲೇಖಕರದ್ದೋ ಅನುವಾದಕರದ್ದೋ? ಕಾನ್‌ಸ್ಟನ್ಸ್ ಗಾರ್ನೆಟ್ ಎಂಬಾಕೆ ರಷ್ಯನ್ ಸಾಹಿತ್ಯದ ಸುಮಾರು ಎಪ್ಪತ್ತು ಸಂಪುಟ ಇಂಗ್ಲಿಷಿಗೆ ತಂದರು. ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಚೆಕಾಫ್, ತುರ್ಗೆನೆಫ್ ಎಲ್ಲರೂ ಆಕೆಯ ಬಾಯಲ್ಲಿ ಒಂದೇ ಥರ ಮಾತಾಡುತ್ತಾರೆ ಅಂತ ಆಮೇಲೆ ದೂರು ಬಂತು. ದೂರು ಹೌದು, ಆದರೆ ಓದುಗರಿಗೆ ಉಪಾಯ ಕೂಡ ಹೌದು. ಒಂದು ಅನುವಾದ ಹಿಡಿಸಿತು ಅಂದರೆ ಆ ಅನುವಾದಕರ ಹೆಸರು ಗುರುತು ಹಾಕಿಕೊಂಡು ಅವರ ಇನ್ನೊಂದು ಅನುವಾದ ಹುಡುಕಿ, ಲೇಖಕರು ಯಾರಾದರೂ ಸರಿ.

ಹೊಸಬರನ್ನು ಹುಡುಕುವಾಗ ನಾನು ಮಾಡೋದು ತೀರಾ ಸರಳ. ಮೊದಲ ಪುಟ ಓದಲ್ಲ. ಮೊದಲ ಪುಟವನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ನಡುವೆ ಎಲ್ಲೋ, ಏನೂ ದೊಡ್ಡದು ನಡೆಯದ ಒಂದು ಪುಟ ತೆಗೆದು ಓದುತ್ತೇನೆ. ಯಾರೋ ಕೋಣೆಯಿಂದ ಕೋಣೆಗೆ ಹೋಗುತ್ತಿರುತ್ತಾರೆ, ಕಾಗದ ಓದುತ್ತಿರುತ್ತಾರೆ. ಅಲ್ಲಿ ಪುಟ ತಿರುಗಿಸಬೇಕು ಅನ್ನಿಸಿದರೆ ಮನೆಗೆ ಒಯ್ಯುತ್ತೇನೆ. ಸಣ್ಣಕತೆ ಬರೆದವರಾದರೆ ಇನ್ನೂ ಸುಲಭ, ಎರಡು ಕತೆಯಲ್ಲಿ ಗೊತ್ತಾಗಿಬಿಡುತ್ತದೆ. ಸರಣಿ ಬರೆದವರಾದರೆ ಮೊದಲನೆಯದರಿಂದಲೇ ಶುರು ಮಾಡಬೇಕು ಅಂತ ಹಠ ಬೇಡ. ಟೆರ್ರಿ ಪ್ರಾಚೆಟ್‌ರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿ ಇವೆ. 1983ರ ಮೊದಲನೆಯದರಿಂದ ಶುರು ಮಾಡಬೇಡಿ ಅಂತ ಅವರ ಕಟ್ಟಾ ಅಭಿಮಾನಿಗಳೇ ಹೇಳುತ್ತಾರೆ. ಅಲ್ಲಿ ಲೇಖಕರು ಇನ್ನೂ ತಮ್ಮ ದನಿ ಹುಡುಕುತ್ತಿದ್ದರು.

ಮತ್ತೆ, ದಯವಿಟ್ಟು ಹದಿನಾಲ್ಕನ್ನು ಒಂದೇ ಉಸಿರಿಗೆ ಓದಬೇಡಿ. ಯಾವ ಲೇಖಕರೂ ಅದನ್ನು ತಡೆಯಲಾರರು. ಬರೆದವರಿಗೇ ಸಾಕಾಗಿತ್ತು! ಕಾನನ್ ಡಾಯ್ಲ್ 1893ರಲ್ಲಿ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ ಕೈ ತೊಳೆದುಕೊಂಡರು. ಓದುಗರು ಬಿಡಲಿಲ್ಲ, 1903ರಲ್ಲಿ ಬದುಕಿಸಿ ತರಬೇಕಾಯಿತು. ಕ್ರಿಸ್ಟಿಗೂ ಪ್ವಾರೋ ಅಂದರೆ ಕೊನೆಕೊನೆಗೆ ತಲೆನೋವೇ ಆಗಿದ್ದ. ವರ್ಷಕ್ಕೊಂದು ಬರೆದವರಿಗೇ ಹಾಗಾದರೆ, ವಾರಕ್ಕೊಂದು ಓದುವ ನಿಮಗೆ? ನಡುವೆ ಬೇರೆಯವರದು ಎರಡು ಓದಿ. ಹಸಿವಾದಾಗ ಮತ್ತೆ ಬನ್ನಿ.

ಒಬ್ಬರನ್ನೇ ಹಿಡಿದು ಓದೋದು ತಪ್ಪಾ ಅಂತ ಕೇಳಿದ್ದೀರಿ. ನಮ್ಮಲ್ಲಿಗೆ ಒಬ್ಬರು ಅಜ್ಜಿ ಬರುತ್ತಿದ್ದರು. ತ್ರಿವೇಣಿ, ಎಂ.ಕೆ. ಇಂದಿರಾ, ಈ ಇಬ್ಬರದು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹೊಸದು ಏನು ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಇಡುತ್ತಿದ್ದರು. ಓದಿದ ಪುಸ್ತಕಕ್ಕೆಲ್ಲ 27ನೇ ಪುಟದಲ್ಲಿ, ಪುಟದ ಅಂಕಿಯ ಕೆಳಗೆ, ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಹೀಗೆ ಗುರುತು ಹಾಕುವವರು ಎಲ್ಲ ಗ್ರಂಥಾಲಯದಲ್ಲೂ ಇರುತ್ತಾರೆ, ಒಂದೇ ಪುಸ್ತಕ ಎರಡು ಸಲ ಒಯ್ಯಬಾರದಲ್ಲ ಅಂತ. ನಮಗದು ತಕರಾರಿನ ವಿಷಯವೇ, ಆದರೂ ನಾನು ಕಂಡೂ ಕಾಣದಂತೆ ಇದ್ದೆ.

ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, 34ನೇ ವಯಸ್ಸಿಗೆ. ಇನ್ನು ಹೊಸದು ಬರುವಂತಿಲ್ಲ. ಅಜ್ಜಿಯ ಪಟ್ಟಿ ಯಾವತ್ತೋ ಮುಗಿದಿರಬೇಕು ಅಂತ ನನ್ನ ಲೆಕ್ಕ. ಒಂದು ದಿನ ಅವರು ವಾಪಸ್ ಕೊಟ್ಟ 'ಬೆಕ್ಕಿನ ಕಣ್ಣು' ಕೈಯಲ್ಲಿತ್ತು. 27ನೇ ಪುಟ ತೆಗೆದೆ. ಅಂಕಿಯ ಕೆಳಗೆ ಐದು ಚುಕ್ಕೆ ಇದ್ದವು, ಒಂದರ ಪಕ್ಕ ಒಂದು, ಐದನೆಯದು ಇನ್ನೂ ಹೊಳೆಯುತ್ತಿತ್ತು. 'ಓದಿದ್ದು ಗೊತ್ತಾಗ್ಲಿ ಅಂತ ಚುಕ್ಕೆ ಇಡ್ತೀರಲ್ವಾ ಅಜ್ಜಿ, ಮತ್ತೆ ಇದೇನು?' ಅಂದೆ.

'ಓದಿದ್ದು ಗೊತ್ತಾಗ್ದೆ ಏನಮ್ಮಾ,' ಅಂದರು. 'ಎಷ್ಟು ಸಲ ಅನ್ನೋದು ಮರ್ತೋಗತ್ತೆ ನೋಡು.' ಆಮೇಲೆ ರ‍್ಯಾಕಿನ ಕಡೆ ಹೋಗಿ 'ಶರಪಂಜರ' ತಂದು ಕೌಂಟರಿನ ಮೇಲಿಟ್ಟರು, ಇಶ್ಯೂ ಮಾಡು ಅಂತ.